ಬೆವರಿದ ಮೇಲೆ ನೀರೋ, ಓಆರ್‌ಎಸ್ಸೋ, ಮಜ್ಜಿಗೆಯೋ? ಒಂದು ಆದೇಶ ಎಬ್ಬಿಸಿದ ಗೊಂದಲ

2025ರ ಅಕ್ಟೋಬರ್ 14ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಆಹಾರವೆಂದು ಪರವಾನಗಿ ಪಡೆದ ಯಾವ ಪಾನೀಯವೂ ತನ್ನ ಹೆಸರಿನಲ್ಲಾಗಲಿ, ಹೆಸರಿಗೆ ಅಂಟಿಸಿದ ಬಾಲದಲ್ಲಾಗಲಿ ‘ಓಆರ್‌ಎಸ್’ ಎಂದು ಹಾಕಿಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಓಆರ್‌ಎಸ್ ಎಂದರೆ ಭೇದಿಯಾದವರಿಗೆ ಹೋದ ನೀರು, ಲವಣ ತುಂಬಲು ಬಾಯಿಂದ ಕುಡಿಸುವ ಔಷಧ. ಹಾಸನಾಂಬೆಯ ದರ್ಶನದ ಸಾಲು ಉದ್ದವಾಗುತ್ತಿದ್ದ, ಚಿಕ್ಕಮಗಳೂರಿನ ಕಡೆ ದೇವಿರಮ್ಮನ ಬೆಟ್ಟ ಹತ್ತಲು ಜನ ಸಜ್ಜಾಗುತ್ತಿದ್ದ ದಿನಗಳವು. ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ‘ಓಆರ್‌ಎಸ್ ಬ್ಯಾನ್ ಆಗಿದೆ’ ಎಂದಾಯಿತು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಜಿಮ್ ಮುಗಿಸಿ, ಓಟ ಮುಗಿಸಿ, ಬೆಟ್ಟ ಇಳಿದು ಇಷ್ಟು ದಿನ ಕುಡಿಯುತ್ತಿದ್ದುದು ಹಾಗಾದರೆ ಏನು?

ಉತ್ತರ ಹುಡುಕಲು ಮೂರು ದ್ರವಗಳನ್ನು ಬಿಡಿಸಿ ನೋಡಬೇಕು: ನೀರು, ಆಟಗಾರರ ಪಾನೀಯ, ಓಆರ್‌ಎಸ್. ಮೂರಕ್ಕೂ ಕೆಲಸ ಬೇರೆ. ನಮ್ಮ ಅಂಗಡಿಗಳಲ್ಲಿ ಮೂರೂ ಒಂದೇ ಫ್ರಿಜ್ಜಿನಲ್ಲಿ, ಒಂದೇ ಕಿತ್ತಳೆ ಬಣ್ಣದಲ್ಲಿ ನಿಂತಿದ್ದವು ಎನ್ನುವುದೇ ಗೊಂದಲದ ಮೂಲ.

ತೆಗೆದದ್ದು ಹೆಸರು, ಔಷಧವಲ್ಲ

ಔಷಧಿ ಅಂಗಡಿಯಲ್ಲಿ ಸಿಗುವ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ ಓಆರ್‌ಎಸ್ ಪುಡಿಗೆ ಏನೂ ಆಗಿಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ತಂದುಕೊಡುವ ಪೊಟ್ಟಣವೂ ಹಾಗೆಯೇ ಇದೆ. ಕೆಳಗಿಳಿಯಬೇಕಾಗಿ ಬಂದದ್ದು ಆ ಹೆಸರನ್ನು ಎರವಲು ಪಡೆದಿದ್ದ ಸಿಹಿ ಪಾನೀಯಗಳು.

ಇವು ಹೇಗೆ ಬಂದವು? 2022ರ ಜುಲೈ ಮತ್ತು 2024ರ ಫೆಬ್ರುವರಿಯ ಆದೇಶಗಳಲ್ಲಿ ಪ್ರಾಧಿಕಾರವೇ ಒಂದು ಕಿಂಡಿ ಬಿಟ್ಟಿತ್ತು. ‘ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಸೂತ್ರವಲ್ಲ’ ಎಂದು ಡಬ್ಬಿಯ ಮೇಲೆ ಬರೆದರೆ, ಬ್ರ್ಯಾಂಡ್ ಹೆಸರಿನ ಜೊತೆ ಆ ಮೂರು ಇಂಗ್ಲಿಷ್ ಅಕ್ಷರ ಇರಬಹುದಿತ್ತು. ಹೆಸರು ದಪ್ಪಗೆ, ಎಚ್ಚರಿಕೆ ಸಣ್ಣಗೆ. ಭೇದಿಯಾದ ಮಗುವಿಗೆ ಗಾಬರಿಯಲ್ಲಿ ಕೊಳ್ಳುವ ತಾಯಿ ಯಾವುದನ್ನು ಓದುತ್ತಾಳೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ್ದು ಇದರ ವಿರುದ್ಧವೇ. ಅಕ್ಟೋಬರ್ 14ರ ಆದೇಶ ಹಳೆಯ ಎರಡೂ ಅನುಮತಿಗಳನ್ನು ಹಿಂತೆಗೆದುಕೊಂಡಿತು. ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು, ಹಳೆಯ ದಾಸ್ತಾನಿನ ವಿಚಾರವಾಗಿ ವಾದ ನಡೆಯಿತು, ಆದೇಶ ಉಳಿಯಿತು.

ಕಂಪನಿಗಳ ಕಡೆಯ ವಾದದಲ್ಲೂ ಒಂದು ಎಳೆ ಇದೆ. ಆರೋಗ್ಯವಂತ ಆಟಗಾರ ಎರಡು ಗಂಟೆ ಬೆವರು ಸುರಿಸಿದ ಮೇಲೆ ಸಕ್ಕರೆ, ಉಪ್ಪು ಬೆರೆಸಿದ ಪಾನೀಯ ಕುಡಿದರೆ ಅವನಿಗೆ ಕೇಡಿಲ್ಲ. ಸಕ್ಕರೆ ಬೇಕಾಗಿಯೂ ಇರಬಹುದು. ತಕರಾರು ಪಾನೀಯದ ಮೇಲಲ್ಲ. ಔಷಧದ ಹೆಸರು ಹೊತ್ತು ಅದು ರೋಗಿಯ ಕೈಗೆ ಹೋದದ್ದರ ಮೇಲೆ.

ಕಾಲರಾ ಶಿಬಿರದ ದ್ರವ, ಫುಟ್‌ಬಾಲ್ ಮೈದಾನದ ದ್ರವ

ಓಆರ್‌ಎಸ್ ಹೆಸರಾದದ್ದು ಆಟದ ಮೈದಾನದಲ್ಲಲ್ಲ. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಖಾಲಿಯಾಗುತ್ತಾ ಬಂದಾಗ, ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಬಾಯಿಂದಲೇ ಕುಡಿಸಿದರು. ಸಾವು ಗಣನೀಯವಾಗಿ ಇಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಇದು ಕೆಲಸ ಮಾಡುವ ಬಗೆ ಸರಳ. ಸಣ್ಣಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ (ಅಡುಗೆ ಉಪ್ಪಿನಲ್ಲಿರುವ ಲವಣಾಂಶ) ಒಟ್ಟಿಗೆ ಬಂದರೆ ಮಾತ್ರ ತೆರೆಯುವ ಬಾಗಿಲುಗಳಿವೆ: ಒಂದು ಗ್ಲೂಕೋಸ್ ಕಣಕ್ಕೆ ಎರಡು ಸೋಡಿಯಂ. ಇವೆರಡೂ ಒಳಹೋದರೆ ನೀರು ತಾನಾಗಿ ಹಿಂಬಾಲಿಸುತ್ತದೆ. ಭೇದಿಯಲ್ಲೂ ಈ ಬಾಗಿಲು ಕೆಡುವುದಿಲ್ಲ. 2002ರಿಂದ ಜಾರಿಯಲ್ಲಿರುವ ಸೂತ್ರದಂತೆ 1 ಲೀಟರ್ ನೀರಿಗೆ ಅಡುಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಸಕ್ಕರೆಯ ಅಂಶ ಇದಕ್ಕಿಂತ ಬಹಳ ಹೆಚ್ಚಾದರೆ ಆಟ ತಿರುಗುತ್ತದೆ. ಕರುಳಿನಲ್ಲಿ ದಟ್ಟವಾದ ಸಕ್ಕರೆ ಪಾಕ ನಿಂತು, ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಸಿಹಿ ಡಬ್ಬಿಗಳ ಮೇಲೆ ಮಕ್ಕಳ ವೈದ್ಯರಿಗಿದ್ದ ಸಿಟ್ಟಿಗೆ ಕಾರಣ ಇದು.

ಆಟಗಾರರ ಪಾನೀಯದ ಕತೆ ಬೇರೆ. 1965ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕಾಗಿ ಅಲ್ಲಿನ ವೈದ್ಯ ರಾಬರ್ಟ್ ಕೇಡ್ ಮತ್ತು ಸಂಗಡಿಗರು ತಯಾರಿಸಿದ್ದು ಗೇಟೊರೇಡ್. ಅಲ್ಲಿ ಗುರಿ ಎರಡು: ಬೆವರಿದ ನೀರು ತುಂಬುವುದು, ದಣಿದ ಸ್ನಾಯುವಿಗೆ ಸಕ್ಕರೆ ಕೊಡುವುದು. ಹಾಗಾಗಿ ಈ ಜಾತಿಯ ಪಾನೀಯಗಳಲ್ಲಿ 100 ಮಿಲಿಗೆ 6ರಿಂದ 8 ಗ್ರಾಂ ಸಕ್ಕರೆ, ಸುಮಾರು 45 ಮಿಲಿಗ್ರಾಂ ಸೋಡಿಯಂ. ಓಆರ್‌ಎಸ್‌ನಲ್ಲಿ ಅದೇ 100 ಮಿಲಿಗೆ ಸಕ್ಕರೆ 1.35 ಗ್ರಾಂ, ಸೋಡಿಯಂ ಸುಮಾರು 172 ಮಿಲಿಗ್ರಾಂ. ಒಂದು ಸಿಹಿ ಜಾಸ್ತಿ ಉಪ್ಪು ಕಡಿಮೆ, ಇನ್ನೊಂದು ಉಪ್ಪು ಜಾಸ್ತಿ ಸಿಹಿ ಕಡಿಮೆ. ನಿಜವಾದ ಓಆರ್‌ಎಸ್ ಕಣ್ಣೀರಿನ ರುಚಿ ಇರುತ್ತದೆಯೇ ಹೊರತು ಮಾವಿನಹಣ್ಣಿನ ರುಚಿಯಲ್ಲ.

ಶಾಲೆಯ ಕ್ರೀಡಾಕೂಟಗಳಲ್ಲಿ ಹಂಚುವ ಗ್ಲೂಕೋಸ್ ಪುಡಿ ಈ ಎರಡೂ ಅಲ್ಲ. ಅದು ಹೆಚ್ಚುಕಡಿಮೆ ಬರೀ ಸಕ್ಕರೆ. ಬೆವರಿನಲ್ಲಿ ಹೋದ ಉಪ್ಪನ್ನು ತುಂಬುವ ಶಕ್ತಿ ಅದಕ್ಕಿಲ್ಲ.

ಬೆವರಿನ ಜೊತೆ ಹೋಗುವ ಉಪ್ಪು ಎಷ್ಟು?

ವ್ಯಾಯಾಮ ಮಾಡುವವರು ಗಂಟೆಗೆ ಸಾಮಾನ್ಯವಾಗಿ ಅರ್ಧ ಲೀಟರಿನಿಂದ ಎರಡು ಲೀಟರ್‌ವರೆಗೆ ಬೆವರುತ್ತಾರೆ. ಬೆವರಿನ ಉಪ್ಪು ಒಬ್ಬರಿಂದ ಒಬ್ಬರಿಗೆ ನಾಲ್ಕು ಪಟ್ಟು ವ್ಯತ್ಯಾಸವಾಗುತ್ತದೆ: ಒಂದು ಲೀಟರ್ ಬೆವರಿನಲ್ಲಿ ಕೆಲವರಿಗೆ ಸುಮಾರು 1.2 ಗ್ರಾಂ ಅಡುಗೆ ಉಪ್ಪು ಹೋದರೆ, ಕೆಲವರಿಗೆ 4.7 ಗ್ರಾಂ. ನಡುವಿನವರಿಗೆ ಎರಡೂಕಾಲು ಗ್ರಾಂ ಆಸುಪಾಸು, ಅಂದರೆ ಹೆಚ್ಚುಕಡಿಮೆ ಅರ್ಧ ಟೀ ಚಮಚ. ಕಪ್ಪು ಟೀ ಶರ್ಟ್ ಒಣಗಿದಾಗ ಬೆನ್ನ ಮೇಲೆ ಬಿಳಿ ಗೆರೆ ಮೂಡುವವರು, ಬೆವರು ಕಣ್ಣಿಗಿಳಿದರೆ ಉರಿಯುವವರು ಮೇಲಿನ ತುದಿಯವರು ಎಂದುಕೊಳ್ಳಬಹುದು.

ಈಗ ಊಟದ ಲೆಕ್ಕ. ಭಾರತೀಯ ವಯಸ್ಕರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾರೆ ಎಂಬುದು ರಾಷ್ಟ್ರಮಟ್ಟದ ಸಮೀಕ್ಷೆಯ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ 5 ಗ್ರಾಂ. ಹಾಸನದ ಮಹಾರಾಜ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ಬಿರುಸಾಗಿ ನಡೆದವರು ಅರ್ಧ ಲೀಟರ್ ಬೆವರಿದ್ದಾರೆ ಎಂದಿಟ್ಟುಕೊಳ್ಳಿ. ಹೋದ ಉಪ್ಪು ಒಂದು ಗ್ರಾಂ ಚಿಲ್ಲರೆ. ಮನೆಗೆ ಹೋಗಿ ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರ್ ತಿಂದರೆ ಅದು ವಾಪಸು ಬಂತು. ಇವರಿಗೆ ನೀರು ಸಾಕು. ಪೊಲೀಸ್, ಸೇನಾ ನೇಮಕಾತಿಗಾಗಿ ಕ್ರೀಡಾಂಗಣದಲ್ಲಿ 1600 ಮೀಟರ್ ಓಟ ಅಭ್ಯಾಸ ಮಾಡುವ ಹುಡುಗರಿಗೂ ಅಷ್ಟೇ. ಆರೇಳು ನಿಮಿಷದ ಓಟಕ್ಕೆ ಲವಣದ ಪಾನೀಯ ಬೇಕಿಲ್ಲ. ಅವರ ಪೂರ್ತಿ ತಾಲೀಮು ಎರಡು ಗಂಟೆ ದಾಟಿದರೆ ಮಾತು ಬೇರೆ.

ನಾಲ್ಕು ಗಂಟೆ ಬೆಟ್ಟ ಹತ್ತಿಳಿದವರು ಗಂಟೆಗೆ 600 ಮಿಲಿಯಂತೆ 2.4 ಲೀಟರ್ ಬೆವರಿದರೆ ಐದೂವರೆ ಗ್ರಾಂ ಉಪ್ಪು ಹೋಗಿರುತ್ತದೆ. ಒಂದು ದಿನದ ಮಿತಿಗಿಂತ ಹೆಚ್ಚು, ಅದೂ ಊಟವಿಲ್ಲದ ಹೊತ್ತಿನಲ್ಲಿ. ಉಪ್ಪಿನ ಪ್ರಶ್ನೆ ಶುರುವಾಗುವುದು ಇಲ್ಲಿ.

ಬರೀ ನೀರು ಯಾಕೆ ನಿಲ್ಲುವುದಿಲ್ಲ

ಬೆವರು ಸುರಿದ ಮೇಲೆ ಒಂದು ಲೀಟರ್ ಬರೀ ನೀರನ್ನು ಗಟಗಟ ಕುಡಿದರೆ ಅದು ಬೇಗ ರಕ್ತ ಸೇರುತ್ತದೆ. ರಕ್ತದ ಸೋಡಿಯಂ ಸ್ವಲ್ಪ ತೆಳುವಾಗುತ್ತದೆ. ಮೆದುಳು ಅದನ್ನು ನೋಡಿ ‘ನೀರು ಸಾಕು’ ಎಂದು ತೀರ್ಮಾನಿಸಿ ಎರಡು ಕೆಲಸ ಮಾಡುತ್ತದೆ: ಬಾಯಾರಿಕೆಯನ್ನು ಆರಿಸುತ್ತದೆ, ಮೂತ್ರಪಿಂಡಕ್ಕೆ ನೀರು ಹಿಡಿದಿಡು ಎಂದು ಹೇಳುವ ವಾಸೊಪ್ರೆಸಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಮುಕ್ಕಾಲು ಗಂಟೆಯಲ್ಲಿ ತಿಳಿಯಾದ ಮೂತ್ರ. ಕುಡಿದವರು ‘ಮೂತ್ರ ತಿಳಿಯಾಗಿದೆ, ನೀರು ತುಂಬಿತು’ ಎಂದುಕೊಳ್ಳುತ್ತಾರೆ, ಮೈಯಲ್ಲಿ ಕೊರತೆ ಹಾಗೇ ಇರುತ್ತದೆ. ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ. ತೂತು ಮುಚ್ಚುವುದು ಸೋಡಿಯಂ.

ಹಾಗೆಂದು ಉಪ್ಪು ಬಾಟಲಿಯಲ್ಲೇ ಬರಬೇಕೆಂದಿಲ್ಲ. ನೀರಿನ ಜೊತೆ ಊಟ ಮಾಡಿದರೂ ಅದೇ ಪರಿಣಾಮ. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ 13 ಪಾನೀಯಗಳನ್ನು, ಒಂದೊಂದನ್ನೂ ಒಂದು ಲೀಟರಿನಂತೆ ಕುಡಿಸಿ ನಾಲ್ಕು ಗಂಟೆಯಲ್ಲಿ ಎಷ್ಟು ಮೂತ್ರವಾಗಿ ಹೋಯಿತೆಂದು ಅಳೆದರು. ನೀರಿಗಿಂತ ಚೆನ್ನಾಗಿ ಮೈಯಲ್ಲಿ ನಿಂತದ್ದು ಹಾಲು ಮತ್ತು ಓಆರ್‌ಎಸ್. ಆಟಗಾರರ ಪಾನೀಯಕ್ಕೂ ನೀರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದು ಕುಳಿತವರ ಮೇಲೆ ಮಾಡಿದ ಪ್ರಯೋಗ, ಬೆವರಿದವರ ಮೇಲಲ್ಲ ಎಂಬುದು ನೆನಪಿರಲಿ. ಚಿಕ್ಕಮಗಳೂರಿನವರಿಗೆ ಅದರಲ್ಲೊಂದು ಸಮಾಧಾನವೂ ಇದೆ: ಕಾಫಿಯೂ ನೀರಿನಷ್ಟೇ ಮೈಯಲ್ಲಿ ನಿಂತಿತು. ಕಾಫಿ ಕುಡಿದರೆ ಮೈಯ ನೀರೆಲ್ಲ ಹೋಗುತ್ತದೆ ಎಂಬ ಮಾತಿಗೆ, ರೂಢಿಯಿದ್ದವರ ಮಟ್ಟಿಗೆ, ಆಧಾರ ಸಾಲದು.

ಬಾಯಾರಿಕೆಯನ್ನು ನಂಬಬೇಕೇ?

ತಜ್ಞರಲ್ಲೇ ಭಿನ್ನಮತ ಇರುವುದು ಇಲ್ಲಿ. 1990ರ ದಶಕದಲ್ಲಿ ಓಟಗಾರರಿಗೆ ಸಿಗುತ್ತಿದ್ದ ಸಲಹೆ, ‘ಬಾಯಾರುವ ಮೊದಲೇ ಕುಡಿಯಿರಿ, ಆದಷ್ಟೂ ಕುಡಿಯಿರಿ’. ಪಾನೀಯ ಮಾರುವವರಿಗೂ ಅದು ಹಿಡಿಸಿತು. ಅದರ ಕಹಿ ಫಲ ದೂರದ ಓಟಗಳಲ್ಲಿ ಕಂಡಿತು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಸಿಕ್ಕ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಯ ಸೋಡಿಯಂ ಕುಸಿದಿತ್ತು. ಅದಕ್ಕೆ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದ ಅಂಶ ಬೆವರಲ್ಲ, ಓಡುತ್ತಾ ಮೈತೂಕ ಹೆಚ್ಚಿದ್ದು. ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದದ್ದು. ಆಟಗಾರರ ಪಾನೀಯ ಕುಡಿದವರೂ ಇದರಿಂದ ಪಾರಾಗಿರಲಿಲ್ಲ, ಏಕೆಂದರೆ ಅದರ ಸೋಡಿಯಂ ರಕ್ತದ ಸೋಡಿಯಂಗಿಂತ ಎಷ್ಟೋ ಕಡಿಮೆ.

ಸೋಡಿಯಂ ಬೇಗ ಕುಸಿದರೆ ನೀರು ಜೀವಕೋಶಗಳಿಗೆ ನುಗ್ಗುತ್ತದೆ. ಬೇರೆ ಅಂಗ ಊದಿಕೊಂಡರೆ ಜಾಗವಿದೆ, ಬುರುಡೆಯೊಳಗಿನ ಮೆದುಳಿಗೆ ಇಲ್ಲ. ಮೊದಲು ತಲೆನೋವು, ವಾಕರಿಕೆ, ಉಂಗುರ ಬಿಗಿಯಾಗುವಷ್ಟು ಊದಿದ ಬೆರಳು. ಆಮೇಲೆ ತೊದಲು ಮಾತು, ಮಂಕು, ಫಿಟ್ಸ್. ಆರಂಭದ ಲಕ್ಷಣಗಳು ನೀರು ಕಡಿಮೆಯಾದಾಗ ಆಗುವಂತೆಯೇ ಇರುವುದರಿಂದ ಜೊತೆಯವರು ಇನ್ನೊಂದು ಬಾಟಲಿ ಕುಡಿಸುತ್ತಾರೆ, ಸ್ಥಿತಿ ಬಿಗಡಾಯಿಸುತ್ತದೆ. ‘ಒಂದು ಗ್ಲೂಕೋಸ್ ಹಾಕಿಸಿಬಿಡಿ’ ಎನ್ನುವ ನಮ್ಮ ಕಡೆಯ ರೂಢಿ ಇಲ್ಲಿ ಇನ್ನೂ ಅಪಾಯ: ಬರೀ ಗ್ಲೂಕೋಸಿನ ಡ್ರಿಪ್ಪಿನಲ್ಲಿ ಸಕ್ಕರೆ ಕರಗಿಹೋದ ಮೇಲೆ ಉಳಿಯುವುದು ಬರೀ ನೀರು. ಆಸ್ಪತ್ರೆಗೆ ಕರೆದೊಯ್ದವರು ವೈದ್ಯರಿಗೆ ಮೊದಲು ಹೇಳಬೇಕಾದದ್ದು ಎಷ್ಟು ಗಂಟೆಯಲ್ಲಿ ಎಷ್ಟು ಲೀಟರ್ ಕುಡಿದಿದ್ದಾರೆ ಎಂಬುದನ್ನು.

ಇದರಿಂದಾಗಿ 2015ರ ತಜ್ಞರ ಒಮ್ಮತದ ಹೇಳಿಕೆ ‘ಬಾಯಾರಿದಾಗ ಕುಡಿಯಿರಿ’ ಎಂದಿತು. ಇನ್ನೊಂದು ಪಾಳಯ, ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜಿನ 2007ರ ನಿಲುವನ್ನು ಹಿಡಿದವರು, ಮೈತೂಕದ ನೂರಕ್ಕೆ ಎರಡಕ್ಕಿಂತ ಹೆಚ್ಚು ನೀರು ಹೋಗದಂತೆ ಲೆಕ್ಕ ಹಾಕಿ ಕುಡಿಯಬೇಕು ಎನ್ನುತ್ತಾರೆ. ಎರಡನ್ನೂ ಒಂದೇ ವ್ಯಕ್ತಿಗೆ ಹೇಳಿದಂತೆ ಓದುವುದರಿಂದ ಜಗಳ ಅನ್ನಿಸುತ್ತದೆ. ನಿಧಾನವಾಗಿ ಐದು ಗಂಟೆ ನಡೆಯುವವರಿಗೆ ಕುಡಿಯಲು ಪುರಸೊತ್ತು ಬೇಕಾದಷ್ಟಿದೆ, ಬೆವರು ಕಡಿಮೆ. ಅವರಿಗೆ ಹೆಚ್ಚಾಗುವ ಭಯ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆ ಕಬಡ್ಡಿಯೋ ಫುಟ್‌ಬಾಲೋ ಆಡುವವರಿಗೆ ಕುಡಿಯಲು ಬಿಡುವೇ ಇಲ್ಲ; ಅವರಿಗೆ ಕಡಿಮೆಯಾಗುವ ಭಯ. ಮೊದಲಿನವರು ಬಾಯಾರಿಕೆಯನ್ನು ನಂಬಲಿ, ಎರಡನೆಯವರು ಲೆಕ್ಕವನ್ನು ನಂಬಲಿ.

ಮಲೆನಾಡಿನ ತಂಪು ಮಾಡುವ ಮೋಸ

ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತುವಾಗ ಗಾಳಿ ತಣ್ಣಗಿರುತ್ತದೆ, ಮಂಜು ಇರುತ್ತದೆ. 1,930 ಮೀಟರ್ ಎತ್ತರ ಉಸಿರಾಟವನ್ನು ಕಾಡುವಷ್ಟಲ್ಲ. ಆದರೆ ಚಳಿಯಲ್ಲಿ ಚರ್ಮದ ರಕ್ತನಾಳಗಳು ಮುದುಡಿ ರಕ್ತ ಮೈಯ ನಡುಭಾಗಕ್ಕೆ ಸರಿಯುತ್ತದೆ. ದೇಹ ಅದನ್ನು ನೀರು ಜಾಸ್ತಿಯಾಯಿತೆಂದು ಓದಿಕೊಂಡು ಮೂತ್ರ ಹೆಚ್ಚಿಸುತ್ತದೆ, ಬಾಯಾರಿಕೆ ತಗ್ಗುತ್ತದೆ. ಮಳೆಗಾಲದಲ್ಲಿ ಮೇಲೊಂದು ಪ್ಲಾಸ್ಟಿಕ್ ಜರ್ಕಿನ್ ಇದ್ದರೆ ಒಳಗೆ ಬೆವರು ಹರಿಯುತ್ತಿರುತ್ತದೆ. ಹೊರಗಿನ ಮಳೆಯೋ ಒಳಗಿನ ಬೆವರೋ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರದೆ ತೊಟ್ಟಿಕ್ಕುತ್ತದೆ, ಮೈ ತಣಿಯದೆ ಇನ್ನಷ್ಟು ಬೆವರುತ್ತದೆ.

ದೀಪಾವಳಿಯಲ್ಲಿ ದೇವಿರಮ್ಮನ ಬೆಟ್ಟ ಹತ್ತುವವರಲ್ಲಿ ಬಹುಪಾಲು ಜನ ವರ್ಷವಿಡೀ ಬೆಟ್ಟ ಹತ್ತುವವರಲ್ಲ. ರಾತ್ರಿ ನಿದ್ದೆಯಿಲ್ಲ, ಕೆಲವರಿಗೆ ಉಪವಾಸ ಬೇರೆ. ಉಪವಾಸವೆಂದರೆ ಊಟದ ಉಪ್ಪೂ ಇಲ್ಲ. ಇಂಥವರು ನೀರನ್ನಷ್ಟೇ ಕುಡಿಯುತ್ತಾ ಹೋದರೆ ಮೇಲೆ ಹೇಳಿದ ತೂತು ಕೊಡದ ಕತೆಯೇ. ಹಾಸನದ ಬಯಲು ಸೀಮೆಯ ಕಡೆ, ಅರಸೀಕೆರೆ ಚನ್ನರಾಯಪಟ್ಟಣದ ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಸಮಸ್ಯೆ ತಿರುಗುಮುರುಗು: ಒಣಗಾಳಿಯಲ್ಲಿ ಬೆವರು ಹುಟ್ಟಿದಲ್ಲೇ ಆರುತ್ತದೆ, ಮೈ ಒಣಗಿದಂತಿರುತ್ತದೆ, ಎಷ್ಟು ಹೋಯಿತೆಂಬ ಅಂದಾಜೇ ಸಿಗುವುದಿಲ್ಲ.

ತೂಕದ ಯಂತ್ರ ಹೇಳುವ ಸತ್ಯ

ಅಂದಾಜು ಬೇಡವೆಂದರೆ ಮನೆಯ ತೂಕದ ಯಂತ್ರ ಸಾಕು. ವ್ಯಾಯಾಮದ ಮೊದಲು ಮೂತ್ರ ಮಾಡಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಮುಗಿದ ಮೇಲೆ ಮೈ ಒರೆಸಿಕೊಂಡು, ಒದ್ದೆ ಬಟ್ಟೆ ತೆಗೆದು ಮತ್ತೆ ನೋಡಿ. ಒದ್ದೆ ಬಟ್ಟೆಯಲ್ಲೇ ನಿಂತರೆ ಬೆವರಿನ ತೂಕವೂ ಲೆಕ್ಕಕ್ಕೆ ಸೇರಿ ಮೋಸವಾಗುತ್ತದೆ.

ಮೊದಲು 65 ಕಿಲೊ, ಆಮೇಲೆ 64.2 ಕಿಲೊ, ನಡುವೆ 300 ಮಿಲಿ ಕುಡಿದಿದ್ದಾರೆ ಎನ್ನಿ. ಕೊರತೆ 800 ಗ್ರಾಂ, ಬೆವರಿದ್ದು 1.1 ಲೀಟರ್. ಸಂಜೆ ಮತ್ತೆ ಆಟವಿದ್ದು ಬೇಗ ತುಂಬಿಕೊಳ್ಳಬೇಕಿದ್ದರೆ, ಕಡಿಮೆಯಾದ ಪ್ರತಿ ಕಿಲೊಗೆ ಒಂದೂವರೆ ಲೀಟರ್, ಅಂದರೆ ಇಲ್ಲಿ 1.2 ಲೀಟರನ್ನು ಮೂರ್ನಾಲ್ಕು ಗಂಟೆಯಲ್ಲಿ ಹಂಚಿ, ಉಪ್ಪಿರುವ ತಿನಿಸಿನ ಜೊತೆ ಕುಡಿಯಬೇಕು. ಕಿಲೊಗೆ ಆ ಹೆಚ್ಚುವರಿ ಅರ್ಧ ಲೀಟರ್ ಯಾಕೆಂದರೆ ಕುಡಿದದ್ದರಲ್ಲಿ ಒಂದು ಪಾಲು ಮೂತ್ರವಾಗಿ ಹೋಗುವುದು ಖಚಿತ. ಮರುದಿನದವರೆಗೆ ಕೆಲಸವಿಲ್ಲದವರಿಗೆ ಈ ಒಂದೂವರೆಯ ಗುಣಾಕಾರವೇ ಬೇಡ. ಊಟ, ನೀರು, ಬಾಯಾರಿಕೆ ಮೂರೂ ಸೇರಿ ರಾತ್ರಿಯೊಳಗೆ ಸರಿಮಾಡುತ್ತವೆ. ಒಂದು ವೇಳೆ ತೂಕ ಮೊದಲಿಗಿಂತ ಹೆಚ್ಚಿದ್ದರೆ ಮೂತ್ರ ಬರುವವರೆಗೆ ನೀರು ಮುಟ್ಟಬಾರದು.

ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಅಳೆದರೆ ಸಾಕು. ಪ್ರತಿದಿನ ತೂಕ ನೋಡುವುದು ಬೇರೆ ರೋಗಕ್ಕೆ ದಾರಿ.

ಎಳನೀರು, ಮಜ್ಜಿಗೆ, ಉಪ್ಪೆಸರು

ಅರಸೀಕೆರೆ ಕಡೆಯವರಿಗೆ ಎಳನೀರಿನ ಮೇಲೆ ಮಮಕಾರ ಸಹಜ. ಎಳನೀರು ಒಳ್ಳೆಯದೇ, ಆದರೆ ಅದರ ಬಲ ಪೊಟ್ಯಾಸಿಯಂ, ಸೋಡಿಯಂ ಅಲ್ಲ. 100 ಮಿಲಿಗೆ 200 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇರುತ್ತದೆ, ಸೋಡಿಯಂ ಅದಕ್ಕಿಂತ ಬಹಳ ಕಡಿಮೆ. ಬೆವರಿನಲ್ಲಿ ಹೋಗುವುದು ಇದಕ್ಕೆ ತದ್ವಿರುದ್ಧ: ಮುಖ್ಯವಾಗಿ ಸೋಡಿಯಂ, ಪೊಟ್ಯಾಸಿಯಂ ಅತ್ಯಲ್ಪ. ಹಾಗಾಗಿ ಬೆವರಿದ ಮೇಲೆ ಎಳನೀರಿನ ಜೊತೆ ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜವೋ, ಖಾರ ಮಂಡಕ್ಕಿಯೋ ಇದ್ದರೆ ಜೋಡಿ ಸರಿಹೋಗುತ್ತದೆ.

ನೀರು ಮಜ್ಜಿಗೆ ಇನ್ನೂ ಸರಿಯಾದ ಆಯ್ಕೆ. 200 ಮಿಲಿಯ ಲೋಟಕ್ಕೆ ಮುಕ್ಕಾಲು ಗ್ರಾಂ ಉಪ್ಪು, ಅಂದರೆ ಎರಡು ಬೆರಳ ಎರಡು ಚಿಟಿಕೆ, ಬಿದ್ದರೆ ಅದರ ಸೋಡಿಯಂ ಓಆರ್‌ಎಸ್‌ನ ಹತ್ತಿರಕ್ಕೇ ಬರುತ್ತದೆ. ಶುಂಠಿ, ಕರಿಬೇವು ರುಚಿಗೆ. ಮಲೆನಾಡಿನ ತಂಬುಳಿ, ಗಂಜಿ ತಿಳಿ, ಉಪ್ಪು ಹಾಕಿದ ರಾಗಿ ಅಂಬಲಿ ಇದೇ ಸಾಲಿನವು. ಗಂಜಿ, ಅಂಬಲಿಯಲ್ಲಿ ಪಿಷ್ಟವೇ ಒಡೆದು ಗ್ಲೂಕೋಸ್ ಕೊಡುತ್ತದೆ. ಮುದ್ದೆ, ಉಪ್ಪೆಸರು ಉಂಡು ಎರಡು ಲೋಟ ನೀರು ಕುಡಿದ ಹಾಸನದ ರೈತನಿಗೆ ಯಾವ ಸ್ಯಾಶೆಯೂ ಬೇಡ. ನಿಂಬೆ ಪಾನಕಕ್ಕೆ ಬೆಲ್ಲದ ಜೊತೆ ಉಪ್ಪು ಹಾಕುವುದನ್ನು ಮರೆತರೆ ಮಾತ್ರ ಅದು ಗ್ಲೂಕೋಸ್ ಪುಡಿಯ ತಮ್ಮ.

ಅಂದಹಾಗೆ, ಮೀನಖಂಡ ಹಿಡಿದುಕೊಂಡಾಗ ‘ಉಪ್ಪು ಕಡಿಮೆಯಾಯಿತು’ ಎನ್ನುವುದು ಅರ್ಧ ಸತ್ಯ. ಸೆಳೆತಕ್ಕೆ ಸಾಮಾನ್ಯ ಕಾರಣ ರೂಢಿ ಮೀರಿದ ದಣಿವು. ಉಪ್ಪಿನಕಾಯಿ ರಸ ಕುಡಿಸಿದ ಪ್ರಯೋಗದಲ್ಲಿ ಸೆಳೆತ ಬೇಗ ಬಿಟ್ಟಿತು, ಆದರೆ ಆ ಉಪ್ಪು ರಕ್ತ ಸೇರುವ ಮೊದಲೇ. ಗಂಟಲಿನಲ್ಲಿ ತಾಗಿದ ಹುಳಿ ನರದ ಮೂಲಕ ಕೆಲಸ ಮಾಡಿರಬೇಕು. ಕಾಲು ಚಾಚಿ ಹಿಗ್ಗಿಸುವುದೇ ಮೊದಲ ಮದ್ದು.

ಪುಡಿ ಕಲಸುವಾಗ ಆಗುವ ತಪ್ಪು

ಓಆರ್‌ಎಸ್‌ನ ದೊಡ್ಡ ಪೊಟ್ಟಣ 1 ಲೀಟರಿಗೆ, ಸಣ್ಣದು 200 ಮಿಲಿಗೆ. ಎರಡೂ ಅಂಗಡಿಯಲ್ಲಿವೆ, ಹಿಂಬದಿ ಓದದೆ ಕಲಸಬಾರದು. ದೊಡ್ಡ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ದ್ರವ ಎರಡು ಪಟ್ಟು ದಟ್ಟವಾಗಿ ವಾಕರಿಕೆ, ಹೊಟ್ಟೆ ಉಬ್ಬರ, ಭೇದಿ ಬರಬಹುದು. ಪೊಟ್ಟಣದಿಂದ ಒಂದು ಚಮಚ ತೆಗೆದು ಲೋಟಕ್ಕೆ ಹಾಕುವುದೂ ತಪ್ಪು: ಉಪ್ಪು, ಗ್ಲೂಕೋಸ್ ಹರಳುಗಳು ಪೊಟ್ಟಣದಲ್ಲಿ ಸಮನಾಗಿ ಬೆರೆತಿರುತ್ತವೆಂಬ ಖಾತರಿಯಿಲ್ಲ. ಸಕ್ಕರೆ ಸೇರಿಸಬೇಡಿ, ಜ್ಯೂಸಿನಲ್ಲಿ ಕಲಸಬೇಡಿ. ಕಲಸಿದ್ದು 24 ಗಂಟೆಯಲ್ಲಿ ಮುಗಿಯಬೇಕು, ಉಳಿದದ್ದು ಚೆಲ್ಲಬೇಕು.

ಪುಡಿ ಇಲ್ಲದ ಕಡೆ, 1 ಲೀಟರ್ ಕುಡಿಯುವ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗುಡ್ಡೆಯಾದರೆ ಉಪ್ಪು ಸುಲಭವಾಗಿ ಎರಡು ಪಟ್ಟಾಗುತ್ತದೆ. ಬೆವರಿದ ಆರೋಗ್ಯವಂತರಿಗೆ ಇದು ಧಾರಾಳ. ಪೊಟ್ಯಾಸಿಯಂ ಇಲ್ಲವಲ್ಲ ಎಂದರೆ ಜೊತೆಗೊಂದು ಬಾಳೆಹಣ್ಣು.

ಈ ಸಲಹೆ ಯಾರಿಗಲ್ಲ

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಜನ ತಪಾಸಣೆಗೆ ಮುಗಿಬಿದ್ದರು. ಆಗಲೋ ಆಮೇಲೋ ಬಿಪಿ ಮಾತ್ರೆ ಶುರುಮಾಡಿ, ಅದರ ಜೊತೆಗೇ ನಡಿಗೆಯನ್ನೂ ಶುರುಮಾಡಿದವರು ಇಲ್ಲಿ ನಿಂತು ಓದಬೇಕು. ಅರ್ಧ ಗಂಟೆ ನಡೆದು ಒಂದು ಬಾಟಲಿ ಓಆರ್‌ಎಸ್ ಕುಡಿಯುವುದು ಬಿಪಿ ಇರುವವರಿಗೆ ಬೇಡದ ಉಪ್ಪು: ಒಂದು ಲೀಟರಿನಲ್ಲಿ 1,725 ಮಿಲಿಗ್ರಾಂ ಸೋಡಿಯಂ ಇದೆ, ದಿನದ ಮಿತಿಯೇ 2,000, ಅಂದರೆ ಮೇಲೆ ಹೇಳಿದ 5 ಗ್ರಾಂ ಉಪ್ಪು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವವರಿಗೆ ಇನ್ನೊಂದು ತುದಿಯ ಅಪಾಯ. ಆ ಮಾತ್ರೆಗಳಲ್ಲಿ ಕೆಲವು ತಾವೇ ಸೋಡಿಯಂ ಇಳಿಸುತ್ತವೆ, ಮೇಲೆ ಲೀಟರುಗಟ್ಟಲೆ ನೀರು ಬಿದ್ದರೆ ಕುಸಿತ ಬೇಗ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಎಳನೀರಿನ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಸಕ್ಕರೆ ಕಾಯಿಲೆಯವರಿಗೆ ಅರ್ಧ ಲೀಟರ್ ಆಟಗಾರರ ಪಾನೀಯವೆಂದರೆ 30 ಗ್ರಾಂಗೂ ಮಿಕ್ಕಿದ ಸಕ್ಕರೆ. ಇವರೆಲ್ಲ ಎಷ್ಟು ಕುಡಿಯಬೇಕೆಂಬುದನ್ನು ತಮ್ಮ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ದೂರದ ಓಟದ ದಿನ ಮೈಕೈ ನೋವಿಗೆಂದು ಐಬುಪ್ರೊಫೆನ್ ಜಾತಿಯ ಮಾತ್ರೆ ನುಂಗುವುದೂ ಒಳ್ಳೆಯದಲ್ಲ. ನೀರು ಕಡಿಮೆಯಾದ ಮೂತ್ರಪಿಂಡಕ್ಕೆ ಅದು ಹೊಡೆತ. ಹೊಸದಾಗಿ ಜಿಮ್ ಸೇರಿ ಮೊದಲ ವಾರವೇ ನೂರಾರು ಬಸ್ಕಿ ಹೊಡೆದವರಿಗೆ ಮರುದಿನ ಡಿಕಾಕ್ಷನ್ ಬಣ್ಣದ ಮೂತ್ರ ಬಂದರೆ ಅದು ನೀರಿನ ಕೊರತೆಯಷ್ಟೇ ಅಲ್ಲ. ಸ್ನಾಯು ಒಡೆದು ಅದರ ಬಣ್ಣ ಮೂತ್ರಕ್ಕೆ ಬರುತ್ತಿದೆ. ಬಾಟಲಿ ಹುಡುಕದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಅಂಗಡಿಯಲ್ಲಿ ಏನಾಗುತ್ತದೆ

ಹೆಸರು ಹೋಯಿತು, ದ್ರವ ಹೋಗುವುದಿಲ್ಲ. ಅದೇ ಪಾನೀಯ ‘ಎಲೆಕ್ಟ್ರೊಲೈಟ್’, ‘ಹೈಡ್ರೇಷನ್’, ‘ಎನರ್ಜಿ’ ಎಂಬ ಪದಗಳೊಂದಿಗೆ ಅದೇ ಫ್ರಿಜ್ಜಿಗೆ ಬರಲು ಈ ಆದೇಶದ ಅಡ್ಡಿಯಿಲ್ಲ. ಔಷಧದ ಹೆಸರಿಗೆ ಈಗ ಬೇಲಿ ಬಿದ್ದಿದೆ. ‘ಎಲೆಕ್ಟ್ರೊಲೈಟ್’ ಎಂಬ ಪದಕ್ಕೆ ಅಂಥ ಬೇಲಿಯಿಲ್ಲ. ಚಿಟಿಕೆ ಉಪ್ಪು ಬಿದ್ದ ಯಾವ ಸಿಹಿನೀರೂ ಎಲೆಕ್ಟ್ರೊಲೈಟ್ ಪಾನೀಯವೇ ತಾನೆ. ಹಾಗಾಗಿ ಬಾಟಲಿಯ ಮುಂಭಾಗ ಬಿಟ್ಟು ಹಿಂಭಾಗದ ಪಟ್ಟಿಯಲ್ಲಿ ಎರಡು ಸಾಲು ನೋಡುವುದು ರೂಢಿಯಾಗಬೇಕಾಗುತ್ತದೆ: 100 ಮಿಲಿಗೆ ಸೋಡಿಯಂ ಎಷ್ಟು ಮಿಲಿಗ್ರಾಂ, ಸಕ್ಕರೆ ಎಷ್ಟು ಗ್ರಾಂ. ಸೋಡಿಯಂ 20ರ ಒಳಗೂ ಸಕ್ಕರೆ 10ರ ಆಸುಪಾಸೂ ಇದ್ದರೆ ಕೈಯಲ್ಲಿರುವುದು ಕೂಲ್‌ಡ್ರಿಂಕ್. ಸೋಡಿಯಂ 45, ಸಕ್ಕರೆ 6 ಇದ್ದರೆ ಎರಡು ಗಂಟೆ ಮೀರಿದ ಆಟಕ್ಕೆ ಆದೀತು. 172 ಮತ್ತು 1.35ರ ಹತ್ತಿರವಿದ್ದು, ಔಷಧವೆಂದು ಪರವಾನಗಿ ಇದ್ದರೆ ಅದು ಓಆರ್‌ಎಸ್. ಮನೆಯಲ್ಲಿ ಮಗುವಿಗೆ ಭೇದಿಯಾದರೆ ಬೇಕಾದದ್ದು ಅದೊಂದೇ, ಮತ್ತು ಅದು ಸಿಗುವುದು ಔಷಧಿ ಅಂಗಡಿಯ ಕಪಾಟಿನಲ್ಲಿ, ಬೇಕರಿಯ ಫ್ರಿಜ್ಜಿನಲ್ಲಲ್ಲ.